ಕಾರಾಪುರದ ಹುಡುಗನೂ ಐರಾವತವೂ

ಕೃಷ್ಣರಾಜನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆ. ಕೆಲವು ವರ್ಷಗಳ ಕೆಳಗೆ ಭಾವನವರು ತೀರಿಕೊಂಡಾಗ ಅವರ ಕಿರಿಯ ಮಗನಿಗೆ ಎಂಟು ವರ್ಷ. ಹುಡುಗ ಅಳಲಿಲ್ಲ, ಅತ್ತಿದ್ದರೆ ನಮಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಮಾತು ನಿಲ್ಲಿಸಿದ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುವುದು, ಊಟಕ್ಕೆ ಕರೆದರೆ ಬಂದು ಕುಳಿತುಕೊಳ್ಳುವುದು, ಇಷ್ಟೆ. ಮೈಸೂರಿಗೆ ಕರೆತಂದು ವೈದ್ಯರಿಗೆ ತೋರಿಸಿದೆವು. ಒಳ್ಳೆಯ ಮನುಷ್ಯರು, ಅವಸರಪಡಬೇಡಿ, ಹುಡುಗನನ್ನು ಕೇಳಿ ಕೇಳಿ ಕಾಡಬೇಡಿ ಎಂದರು. ಆದರೆ ಕಾಡದೆ ಇರುವುದು ನೆಂಟರಿಗೆ ಸಾಧ್ಯವೆ? ಬಂದವರೆಲ್ಲ ‘ಯಾಕಪ್ಪಾ ಮಾತಾಡೋದಿಲ್ಲ?’ ಎಂದು ಗಲ್ಲ ಹಿಡಿದು ಕೇಳುವವರೇ. ಕೊನೆಗೆ ಅವನ ಅಜ್ಜಿ ಆ ಸಲದ ಚುಂಚನಕಟ್ಟೆಯ ದನಗಳ ಜಾತ್ರೆಯಿಂದ ಒಂದು ಹೆಣ್ಣುಗರು ಹಿಡಿಸಿಕೊಂಡು ಬಂದು ಅದರ ಹಗ್ಗವನ್ನು ಮೊಮ್ಮಗನ ಕೈಗೆ ಕೊಟ್ಟರು. ‘ಇದು ನಿಂದು ಕಣಪ್ಪ. ನೀನು ಹುಲ್ಲು ಹಾಕಿದ್ರೆ ತಿಂತದೆ, ಇಲ್ದಿದ್ರೆ ಉಪಾಸ ಬೀಳ್ತದೆ’ ಎಂದರಂತೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮೂರು ನಾಲ್ಕು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಯಾರೋ ಯಾರನ್ನೋ ಗದರುವ ದನಿ ಕೇಳಿ ಅಕ್ಕ ಹೋಗಿ ನೋಡಿದರೆ, ನೀರಿನ ಬಕೆಟ್ಟನ್ನು ಒದ್ದು ಚೆಲ್ಲಿದ ಕರುವಿಗೆ ಹುಡುಗ ಬುದ್ಧಿ ಹೇಳುತ್ತಿದ್ದ.

ಈ ಸಂಗತಿಯನ್ನು ನಮ್ಮ ಕಾಲೇಜಿನ ಮನಃಶಾಸ್ತ್ರದ ಅಧ್ಯಾಪಕ ಮಿತ್ರರಿಗೆ ಹೇಳಿದೆ. ಅವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ನ್ಯೂಯಾರ್ಕಿನಲ್ಲಿ ಬೋರಿಸ್ ಲೆವಿನ್‌ಸನ್ ಎಂಬ ಮಕ್ಕಳ ಮನಃಶಾಸ್ತ್ರಜ್ಞರಿದ್ದರಂತೆ. ಯಾರೊಡನೆಯೂ ಬೆರೆಯದ ಹುಡುಗನೊಬ್ಬ ಹೊತ್ತಿಗೆ ಮುಂಚೆಯೇ ಅವರಲ್ಲಿಗೆ ಬಂದ; ಆಗ ಕೋಣೆಯಲ್ಲಿದ್ದ ಜಿಂಗಲ್ಸ್ ಎಂಬ ಅವರ ನಾಯಿ ಎದ್ದು ಹೋಗಿ ಅವನನ್ನು ನೆಕ್ಕಿತು; ಹುಡುಗ ಅವರನ್ನು ಬಿಟ್ಟು ನಾಯಿಗೆ ಅಂಟಿಕೊಂಡ. ನಾಯಿಯ ಮೂಲಕ ಅವರಿಗೂ ಹುಡುಗನ ಮನಸ್ಸಿನೊಳಗೆ ದಾರಿಯಾಯಿತು. ಲೆವಿನ್‌ಸನ್ ಇದನ್ನು ವಿದ್ವಾಂಸರ ಸಭೆಯಲ್ಲಿ ಹೇಳಿದಾಗ, ನಿಮ್ಮ ಶುಲ್ಕದಲ್ಲಿ ನಾಯಿಗೆಷ್ಟು ಪಾಲು ಎಂದು ಕೇಳಿ ನಕ್ಕವರೂ ಇದ್ದರಂತೆ. 1962ರಲ್ಲಿ ಅವರ ಲೇಖನ ಅಚ್ಚಾಯಿತು. ನಗು ಮೆಲ್ಲಗೆ ನಿಂತಿತು. ಇದಕ್ಕೂ ಬಹಳ ಹಿಂದೆ, 1796ರಲ್ಲಿ, ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ಮನೋರೋಗಿಗಳಿಗಾಗಿ ಒಂದು ಆಶ್ರಯವನ್ನು ತೆರೆದ. ಹುಚ್ಚರನ್ನು ಸರಪಣಿಯಲ್ಲಿಡುವುದೇ ಚಿಕಿತ್ಸೆಯೆನಿಸಿದ್ದ ಕಾಲ ಅದು. ಆ ಮನೆಯ ಅಂಗಳಗಳಲ್ಲಿ ಮೊಲಗಳನ್ನೂ ಕೋಳಿಗಳನ್ನೂ ಕಡಲ ಹಕ್ಕಿಗಳನ್ನೂ ಬಿಟ್ಟಿದ್ದರು. ಅವುಗಳಿಗೆ ಕಾಳು ಹಾಕುತ್ತ ರೋಗಿಗಳು ಸಮಾಧಾನ ಹೊಂದುತ್ತಿದ್ದರು.

ಇದೆಲ್ಲ ಸರಿಯೆ. ಆದರೆ ಮಿತ್ರರು ಹೇಳುತ್ತಿದ್ದಾಗ ನನ್ನ ಮನಸ್ಸು ನ್ಯೂಯಾರ್ಕಿನಲ್ಲಿ ನಿಲ್ಲಲಿಲ್ಲ. ಹೆಗ್ಗಡದೇವನಕೋಟೆಯ ಕಡೆಗೆ ಹರಿಯಿತು. ಆ ತಾಲ್ಲೂಕಿನ ಕಾರಾಪುರದ ಅನಾಥ ಹುಡುಗನೊಬ್ಬನ ಮುಖವನ್ನು ಒಂದು ಕಾಲಕ್ಕೆ ಲೋಕವೆಲ್ಲ ಬಲ್ಲುದಾಗಿತ್ತು. ಅವನು ಸಾಬು.

ಕಾರಾಪುರ ಕಪಿಲೆಯ ದಡದ ಹಳ್ಳಿ. ಮಹಾರಾಜರ ಬೇಟೆಯ ಬಂಗಲೆ ಇದ್ದದ್ದು ಅಲ್ಲಿಯೆ. ಈಗ ಅದು ಪ್ರವಾಸಿಗರ ವಸತಿ. ದೂರದೇಶಗಳಿಂದ ಬಂದವರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಆನೆ ನೋಡಲು ಹೋಗುತ್ತಾರೆ. 1924ರ ಜನವರಿಯಲ್ಲಿ ಸಾಬು ಇಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದ. (ಅದೇ 1924ರಲ್ಲಿಯೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರದ ವಿಭಾಗ ಆರಂಭವಾಯಿತೆಂದು ನನ್ನ ಮಿತ್ರರು ನೆನಪು ಮಾಡಿಕೊಟ್ಟರು. ಎರಡಕ್ಕೂ ಸಂಬಂಧವಿಲ್ಲ, ಆದರೂ ಬರೆದಿಡೋಣವೆನ್ನಿಸಿತು.) ತಾಯಿ ಬೇಗ ತೀರಿಕೊಂಡಳು. ಮಗುವಿನ ತೊಟ್ಟಿಲನ್ನು ತೂಗಲು ತಂದೆ ತನ್ನ ಆನೆಗೇ ಕಲಿಸಿದ್ದನೆಂದು ಒಂದು ಕತೆಯಿದೆ. ಸಿನಿಮಾದವರು ಹಬ್ಬಿಸಿದ ಕತೆ ಎಂದು ಅನುಮಾನಪಡುವವರು ಪಡಬಹುದು. ಆನೆಯ ಕಾಲುಗಳ ನಡುವೆ ಮಕ್ಕಳು ಆಡುವುದನ್ನು ಶಿಬಿರಗಳಲ್ಲಿ ಕಣ್ಣಾರೆ ಕಂಡ ನನಗೆ ಅದನ್ನು ತಳ್ಳಿಹಾಕುವ ಧೈರ್ಯವಿಲ್ಲ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆಯೂ ಹೋದ. ಆಗ ಅವನಿಗೆ ಆಸರೆಯಾದದ್ದು ಮೈಸೂರಿನ ಅರಮನೆಯ ಆನೆಲಾಯ.

ಓದುಗರು ಒಂದು ಕ್ಷಣ ಇಲ್ಲಿ ನಿಲ್ಲಬೇಕೆಂದು ನನ್ನ ಬಿನ್ನಹ. ತಂದೆತಾಯಿಗಳಿಲ್ಲದ ಹುಡುಗನಿಗೆ ಆನೆಲಾಯ ಏನನ್ನು ಕೊಟ್ಟೀತು? ಅನ್ನ, ಮಲಗಲು ಜಾಗ. ಇದು ಅನಾಥಾಲಯದಲ್ಲಿಯೂ ಸಿಕ್ಕುತ್ತದೆ. ಆದರೆ ಆನೆಗೆ ಬೆಳಗ್ಗೆ ಸ್ನಾನವಾಗಬೇಕು. ಮಗ್ಗುಲಾಗಿ ಮಲಗಿದ ಆ ಗುಡ್ಡದಂಥ ಮೈಯನ್ನು ಉಜ್ಜಬೇಕು. ಭತ್ತ, ಬೆಲ್ಲ, ಕಾಯಿಗಳನ್ನು ಹುಲ್ಲಿನಲ್ಲಿ ಸುತ್ತಿ ‘ಕುಸುರೆ’ ಕಟ್ಟಿ ಬಾಯಿಗಿಡಬೇಕು. ಇಂದು ಮನಸ್ಸು ಸರಿಯಿಲ್ಲವೆಂದು ಮುಸುಕು ಹಾಕಿಕೊಂಡು ಮಲಗಿದರೆ ಆನೆ ಕೇಳುವುದಿಲ್ಲ. ದುಃಖದಲ್ಲಿರುವ ಮಗುವಿಗೆ ‘ಅಳಬೇಡ’ ಎನ್ನುವವರು ಬೇಕಾದಷ್ಟು ಮಂದಿ. ‘ನೀನಿಲ್ಲದಿದ್ದರೆ ನನಗಾಗದು’ ಎನ್ನುವವರು ಇಲ್ಲ. ಪ್ರಾಣಿ ಹೇಳುವುದು ಈ ಎರಡನೆಯ ಮಾತನ್ನು. ಮೇಲಾಗಿ ಅದು ಪ್ರಶ್ನೆ ಕೇಳುವುದಿಲ್ಲ. ನನ್ನ ಅಕ್ಕನ ಅತ್ತೆ ಕರುವಿನ ಹಗ್ಗ ಕೊಟ್ಟು ಹೇಳಿದ ಮಾತಿಗೂ ಆನೆಲಾಯದ ಶಿಸ್ತಿಗೂ ನನಗೆ ಭೇದ ಕಾಣಲಿಲ್ಲ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ಚಿತ್ರ ನಿರ್ದೇಶಕ ಮೈಸೂರಿಗೆ ಬಂದ. ಕಿಪ್ಲಿಂಗನ ‘ಜಂಗಲ್ ಬುಕ್’ನಲ್ಲಿ ತೂಮಾಯಿ ಎಂಬ ಮಾವುತರ ಹುಡುಗನ ಕತೆಯೊಂದಿದೆ; ಅದನ್ನು ಚಿತ್ರ ಮಾಡಲು ಹುಡುಗನೊಬ್ಬ ಬೇಕಾಗಿತ್ತು. ಆ ಕತೆಯಲ್ಲಿ ಆನೆ ಹಿಡಿಯುವ ಪೀಟರ್ಸನ್ ಸಾಹೇಬನೊಬ್ಬ ಬರುತ್ತಾನೆ. ಅವನಿಗೆ ಮಾದರಿಯಾದವನು ನಮ್ಮ ಸೀಮೆಯಲ್ಲಿ 1874ರಲ್ಲಿ ಮೊದಲ ಬಾರಿಗೆ ಖೆಡ್ಡಾ ನಡೆಸಿ ಗೆದ್ದ ಸ್ಯಾಂಡರ್ಸನ್ ಎಂದು ಬಲ್ಲವರ ಊಹೆ. ಊಹೆ ನಿಜವಾದರೆ, ಮೈಸೂರಿನಿಂದ ಹೊರಟ ಕತೆ ಲೋಕವನ್ನು ಸುತ್ತಿ ಮರಳಿ ಮೈಸೂರಿಗೇ ಬಂದಂತಾಯಿತು. ಆನೆಲಾಯದಲ್ಲಿ ಸಾಬುವನ್ನು ಮೊದಲು ಗುರುತಿಸಿದವನು ಛಾಯಾಗ್ರಾಹಕ ಬೊರಾಡೇಲ್. ಚಿತ್ರದ ಕಾಲಾನಾಗ್ ಆದದ್ದು ಅರಮನೆಯ ಭಾರಿ ಆನೆ ಐರಾವತ. ಖೆಡ್ಡಾದ ದೃಶ್ಯಗಳನ್ನು ಕಾಕನಕೋಟೆಯ ಕಾಡಿನಲ್ಲಿಯೆ ತೆಗೆದರು. ಉಳಿದದ್ದನ್ನು ಲಂಡನ್ನಿನಲ್ಲಿ ಜೋಲ್ಟನ್ ಕೋರ್ಡಾ ಪೂರ್ತಿಮಾಡಿದ. ಅಲ್ಲಿ ಆನೆಗಳ ಕುಣಿತಕ್ಕೆ ಕೃತಕ ಕಾಲುಗಳನ್ನು ಮಾಡಿಸಿ ಕುಣಿಸಿದರಂತೆ! 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಗೆ ಬಂತು; ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು.

ಆ ಚಿತ್ರದ ಕತೆಯನ್ನು ಕೇಳಿ. ಹುಡುಗನ ತಂದೆಯನ್ನು ಹುಲಿ ಕೊಲ್ಲುತ್ತದೆ. ದುಃಖದಿಂದ ಆನೆ ಕೆರಳುತ್ತದೆ. ಅದನ್ನು ಕ್ರೂರನಾದ ಬೇರೊಬ್ಬ ಮಾವುತನಿಗೆ ಒಪ್ಪಿಸುತ್ತಾರೆ. ಆನೆ ಅವನನ್ನು ಗಾಯಗೊಳಿಸುತ್ತದೆ. ಅದನ್ನು ಕೊಲ್ಲಬೇಕೆಂಬ ಮಾತು ಏಳುತ್ತದೆ. ಹುಡುಗ ರಾತ್ರೋರಾತ್ರಿ ಆನೆಯನ್ನು ಹತ್ತಿ ಕಾಡಿಗೆ ಹೊರಟುಬಿಡುತ್ತಾನೆ. ತಂದೆಯನ್ನು ನಿಜವಾಗಿಯೂ ಕಳೆದುಕೊಂಡ ಹುಡುಗನಿಂದ ತಂದೆಯನ್ನು ಕಳೆದುಕೊಂಡ ಹುಡುಗನ ಪಾತ್ರ ಮಾಡಿಸಿದರು. ಅವನು ಚೆನ್ನಾಗಿ ಅಭಿನಯಿಸಿದನೆಂದು ವಿಮರ್ಶಕರು ಕೊಂಡಾಡಿದರು.

ಇಲ್ಲಿಗೆ ಕತೆ ಸುಖಾಂತವಾಗಿ ನಿಲ್ಲಬಹುದಿತ್ತು. ನನಗೆ ಮಾತ್ರ ಎರಡು ಸಂಗತಿಗಳು ಗಂಟಲಲ್ಲಿ ಸಿಕ್ಕಿಕೊಂಡಿವೆ.

ಮೊದಲನೆಯದು, ಆನೆಯ ಪಕ್ಷ. ಮಗುವಿಗೆ ಸಮಾಧಾನ ಕೊಟ್ಟ ಆ ಆನೆಗಳು ಎಲ್ಲಿಂದ ಬಂದವು? ತಮಟೆ, ಬೆಂಕಿ, ಕೂಗುಗಳಿಂದ ಹಿಂಡನ್ನು ಬೆದರಿಸಿ, ಹೊಳೆ ದಾಟಿಸಿ, ದಿಮ್ಮಿಗಳ ಬೇಲಿಯೊಳಗೆ ನೂಕಿ ಹಿಡಿಯುವುದೇ ಖೆಡ್ಡಾ. ರಾಜಾತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಅಲ್ಲಿ ತಾಯಿಯಿಂದ ಅಗಲಿದ ಮರಿಗಳೆಷ್ಟೊ, ಮರಿಯನ್ನು ಕಳೆದುಕೊಂಡ ತಾಯಂದಿರೆಷ್ಟೊ. ಹಿಡಿದ ಆನೆಯನ್ನು ಪಳಗಿಸುವಾಗ ಹಗ್ಗ, ಅಂಕುಶ, ಹಸಿವು ಇವು ಇದ್ದೇ ಇದ್ದವು. ಆದರೆ ಅವುಗಳಿಂದಲೇ ಆನೆ ಪಳಗದೆಂದು ಬಲ್ಲವರು ಕಾಡಿನ ಕುರುಬರೂ ಮಾವುತರೂ. ಬಿದಿರುಕೋಲಿನಿಂದ ಮೈ ಉಜ್ಜುತ್ತ, ಕಬ್ಬು ಬೆಲ್ಲ ತಿನ್ನಿಸುತ್ತ, ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತು ಹಾಡು ಹೇಳುತ್ತ ಅದರ ಭಯವನ್ನು ಬಿಡಿಸುತ್ತಿದ್ದರು. ಅಂದರೆ ಮೊದಲು ಮನುಷ್ಯ ಆನೆಗೆ ಶುಶ್ರೂಷೆ ಮಾಡಿದ; ಆಮೇಲೆ ಆ ಆನೆ ಮನುಷ್ಯನ ಮಗುವಿಗೆ ಮಾಡಿತು. ಗಾಯ ಮಾಡಿದವನೂ ಮನುಷ್ಯನೇ ಎಂಬುದನ್ನು ಮರೆಯುವಂತಿಲ್ಲ. 1971ರಲ್ಲಿ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆಯಿತು. ಸ್ವಲ್ಪ ಕಾಲದಲ್ಲಿಯೆ ಕಬಿನಿ ಅಣೆಕಟ್ಟಿನ ಹಿನ್ನೀರು ಆ ಕಾಡಿನ ದೊಡ್ಡ ಭಾಗವನ್ನು ನುಂಗಿತು.

ಎರಡನೆಯದು, ಹುಡುಗನ ಪಕ್ಷ. ಸಾಬುವನ್ನು ಅಣ್ಣನ ಜೊತೆಯಲ್ಲಿ ಇಂಗ್ಲೆಂಡಿಗೆ ಕರೆದೊಯ್ದರು. (ಲೋಕ ಅವನನ್ನು ಸಾಬು ದಸ್ತಗೀರ್ ಎಂದು ಕರೆಯಿತಷ್ಟೆ. ದಸ್ತಗೀರ್ ಅಣ್ಣನ ಹೆಸರು, ಕಾಗದಪತ್ರಗಳ ಗೊಂದಲದಲ್ಲಿ ತಮ್ಮನಿಗೂ ಅಂಟಿತು ಎಂದು ಬರೆದವರಿದ್ದಾರೆ.) ಶಾಲೆಗೆ ಸೇರಿಸಿದರು, ಇಂಗ್ಲಿಷು ಕಲಿಸಿದರು. ಐರಾವತ ಮೈಸೂರಿನಲ್ಲಿ ಉಳಿಯಿತು. ‘ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಮೊದಲಾದ ಚಿತ್ರಗಳಿಂದ ಅವನು ಹಾಲಿವುಡ್ಡಿನ ತಾರೆಯಾದ. 1944ರಲ್ಲಿ ಅಮೆರಿಕದ ಪ್ರಜೆಯಾದ. ಯುದ್ಧದಲ್ಲಿ ಬಾಂಬರ್ ವಿಮಾನದ ತೋಪುಗಾರನಾಗಿ ಹೋರಾಡಿ ಪದಕ ಪಡೆದ. ಯುದ್ಧ ಮುಗಿದ ಮೇಲೆ ದೊಡ್ಡ ಪಾತ್ರಗಳು ಮೆಲ್ಲಗೆ ತಪ್ಪಿದವು. ಆಗ, 1952ರಲ್ಲಿ, ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಅವನು ಜನರ ಮುಂದೆ ಬಂದು ನಿಂತದ್ದು ಆನೆಯ ಜೊತೆಯಲ್ಲಿ! ಸಂಬಳಕ್ಕಾಗಿ ಹೋದ ಎನ್ನಿ, ಇರಬಹುದು. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯದಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39. ಅವನ ಮಗಳು ಚಲನಚಿತ್ರಗಳಿಗೆ ಪ್ರಾಣಿಗಳನ್ನು ತರಬೇತು ಮಾಡುವ ಉದ್ಯೋಗ ಹಿಡಿದಳೆಂಬ ಸಂಗತಿಯನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಸಾಬುವನ್ನು ಕರೆದೊಯ್ದವರು ಕೆಟ್ಟವರಲ್ಲ. ಅನಾಥನಿಗೆ ವಿದ್ಯೆ, ಹಣ, ಹೆಸರು ಎಲ್ಲವೂ ಬಂತು. ಆದರೆ ಅವನ ಪಾಲಿಗೆ ಐರಾವತ ಏನಾಗಿತ್ತು ಎಂಬ ಲೆಕ್ಕವನ್ನು ಯಾವ ಕರಾರಿನಲ್ಲಿಯೂ ಬರೆಯುವ ವಾಡಿಕೆಯಿಲ್ಲ. ಹುಣಸೂರು ಅಮೃತಮಹಲ್ ದನಗಳ ಇಲಾಖೆಯ ಕೇಂದ್ರವಾಗಿದ್ದ ಊರು. ಸರಕಾರ ಅಲ್ಲಿ ಹೋರಿಗಳ ಲೆಕ್ಕ ಇಟ್ಟಿತು. ಅವುಗಳ ಹಿಂದೆ ಅಲೆದ ಹುಡುಗರ ಮನಸ್ಸಿನ ಲೆಕ್ಕ ಇಡುವುದು ಯಾರ ಕೆಲಸ?

ಈ ಪ್ರಶ್ನೆ ಹಳೆಯದಾಗಿ ಹೋಗಿಲ್ಲ. ಅಣೆಕಟ್ಟು ಬಂದಾಗ, ಬಳಿಕ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ, ಜೇನುಕುರುಬರ ಅನೇಕ ಕುಟುಂಬಗಳು ಕಾಡಿನಿಂದ ಹೊರಬಂದವು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚಿನ ಹಾಡಿಗಳಲ್ಲಿ ಅವರಿದ್ದಾರೆ. ಮಕ್ಕಳಿಗೆ ಆಶ್ರಮಶಾಲೆಗಳಿವೆ, ಊಟ, ಬಟ್ಟೆ, ಪುಸ್ತಕ ಉಂಟು. ಅವು ಬೇಡವೆಂದು ನಾನು ಹೇಳುವವನಲ್ಲ; ಪಾಠ ಹೇಳಿ ಬದುಕುವವನು ಹಾಗೆ ಹೇಳಲಾರೆ. ಆದರೆ ಶಾಲೆ ಬಿಟ್ಟು ಓಡಿಹೋಗುವ ಹುಡುಗನನ್ನು ‘ಕಾಡಿನ ಬುದ್ಧಿ’ ಎಂದು ನಾವು ಬೈಯುವಾಗ, ಅವನು ಯಾವುದರಿಂದ ಓಡುತ್ತಾನೆ ಎಂಬುದಷ್ಟನ್ನೇ ನೋಡುತ್ತೇವೆ. ಯಾವುದರ ಕಡೆಗೆ ಓಡುತ್ತಾನೆ ಎಂದು ನೋಡುವುದಿಲ್ಲ. ಲೆವಿನ್‌ಸನ್ ಮೆಚ್ಚಿಕೊಂಡ ಔಷಧವನ್ನು ನಾವು ಈ ಮಕ್ಕಳ ಕೈಯಿಂದ ಕಿತ್ತುಕೊಂಡು, ಪೇಟೆಯ ಮಕ್ಕಳಿಗೆ ಅದನ್ನೇ ಶುಲ್ಕ ತೆಗೆದುಕೊಂಡು ಕೊಡುವ ಕಾಲಕ್ಕೆ ಬಂದಿದ್ದೇವೆ.

ದಸರೆಗೆ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದಷ್ಟೆ. ಆನೆಗಳ ಜೊತೆಯಲ್ಲಿ ಮಾವುತ ಕಾವಾಡಿಗಳ ಸಂಸಾರಗಳೂ ಅರಮನೆಗೆ ಬರುತ್ತವೆ. ಅಲ್ಲಿ ಅವರ ಮಕ್ಕಳಿಗಾಗಿ ಟೆಂಟು ಶಾಲೆ ನಡೆಸುತ್ತಾರೆ. ಒಂದು ವರ್ಷ ನಾನು ಅಲ್ಲಿಗೆ ಹೋಗಿದ್ದೆ. ಉಪಾಧ್ಯಾಯಿನಿ ಮಗ್ಗಿ ಹೇಳಿಸುತ್ತಿದ್ದರು. ಬಾಗಿಲ ಬಳಿ ಕುಳಿತ ಹುಡುಗಿಯೊಬ್ಬಳ ಬಾಯಿ ಮಗ್ಗಿಯನ್ನು ಹೇಳುತ್ತಿತ್ತು, ಕಣ್ಣು ಹೊರಗೆ ಕಟ್ಟಿದ್ದ ಆನೆಯ ಮೇಲಿತ್ತು. ಉಪಾಧ್ಯಾಯಿನಿ ಅದನ್ನು ಕಂಡರೂ ಗದರಲಿಲ್ಲ. ಒಂದು ಮಗ್ಗಿಯನ್ನೂ ಆಕೆ ತಪ್ಪಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಅಂಬಾರಿ ಹೊತ್ತ ಅರ್ಜುನ ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದ ಆನೆ. ಕಾಕನಕೋಟೆಯ ಖೆಡ್ಡಾದಲ್ಲಿ 1968ರಲ್ಲಿ ಸೆರೆಯಾದದ್ದು. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯೊಡನೆ ಕಾದಾಡುತ್ತ ಅದು ಸತ್ತಾಗ ಮಾವುತ ಅದರ ಮೈಮೇಲೆ ಬಿದ್ದು ಅತ್ತದ್ದನ್ನು ನಾಡೆಲ್ಲ ನೋಡಿತು. ಅವರ ಮನೆಯ ಮಕ್ಕಳನ್ನು ಯಾರು ಸಂತೈಸಿದರೋ ಎಂದು ಆ ದಿನ ನನಗನ್ನಿಸಿತ್ತು.

ಈ ಸಂಕ್ರಾಂತಿಗೆ ಅಕ್ಕನ ಮನೆಗೆ ಹೋಗಿದ್ದೆ. ಹುಡುಗನಿಗೆ ಈಗ ಮೀಸೆ ಚಿಗುರುತ್ತಿದೆ. ಮಾತು ಬೇಕಾದಷ್ಟಿದೆ, ಕೆಲವು ಸಲ ಹೆಚ್ಚೇ ಆಯಿತೆನ್ನಿಸುತ್ತದೆ. ಕರು ಹಸುವಾಗಿ ಎರಡು ಸಲ ಈದಿದೆ. ಮೇವಿನ ಬೆಲೆ ಏರಿದೆ, ಮಾರಿಬಿಡೋಣವೆ ಎಂದು ಮನೆಯಲ್ಲಿ ಮಾತು ಬಂತು. ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ ತಲೆ ಎತ್ತದೆ, ‘ನನ್ನ ಯಾಕೆ ಕೇಳ್ತೀರಿ? ಅವನ್ನ ಕೇಳಿ’ ಎಂದರು. ಅವನು ಹುಲ್ಲು ತರಲು ಗದ್ದೆಯ ಕಡೆ ಹೋಗಿದ್ದ.