ಮೇ ತಿಂಗಳೋ, ಜೂನೋ?

“ಭಾವ, ಇದು 53ರದ್ದಂತೆ. ಮಾರಿದ ಅಜ್ಜನೇ ಹೇಳಿದ್ದು.” ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ನನ್ನ ಭಾವಮೈದ ಗರಾಜ್ ಸೇಲಿನಲ್ಲಿ ಕೊಂಡ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ತಂದಿಟ್ಟ. ಒಂದೇ ಕೈಯಲ್ಲಿ ಎತ್ತಬಹುದಾದ ಗಿಟಾರ್ ಆಂಪ್ಲಿಫೈಯರ್. ಹಳೇ ಸೂಟ್‌ಕೇಸಿಗೆ ಹೊದಿಸಿದಂಥ ಹಳದಿ ಟ್ವೀಡ್ ಬಟ್ಟೆ, ತೊಗಲಿನ ಹಿಡಿ, ತಿರುಗಿಸಲು ಒಂದೇ ಗುಂಡಿ. ಫೆಂಡರ್ ಚಾಂಪ್.

ಮುಖ ನೋಡುತ್ತಲೇ ನನಗೆ ಅನುಮಾನ. 1953ರ ಚಾಂಪ್‌ನಲ್ಲಿ ಸ್ಪೀಕರ್ ಜಾಲರಿಯ ಮೇಲೆ ಕೆಳಗೆ ಅಗಲವಾದ ಪಟ್ಟಿಗಳಿರುತ್ತವೆ. ಇದರಲ್ಲಿದ್ದವು ಕಿರಿದು, ಅವು ಬಂದದ್ದು 1955ರಲ್ಲಿ.

ಪ್ಲಗ್ ಕಿತ್ತು ಹಿಂಬದಿಯ ಹಲಗೆ ಬಿಚ್ಚಿದೆ. ಪ್ಲಗ್ ಕಿತ್ತ ಮಾತ್ರಕ್ಕೆ ಕೈ ಹಾಕುವ ಹಾಗಿಲ್ಲ. ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಮೀರಿದ ವಿದ್ಯುತ್ತು ಹೊಂಚು ಹಾಕಿ ಕೂತಿರುತ್ತದೆ, ಮೊದಲು ಅದನ್ನು ಇಳಿಸಬೇಕು. ಒಳಗೋಡೆಗೆ ಅಂಟಿಸಿದ ಕಾಗದದಲ್ಲಿ ಯಾವ ವಾಲ್ವ್ ಎಲ್ಲಿ ಎಂಬ ನಕ್ಷೆ: 12ಎಎಕ್ಸ್7, 6ವಿ6ಜಿಟಿ, 5ವೈ3ಜಿಟಿ. ಮೂರೇ ವಾಲ್ವ್, ಸುಮಾರು 5 ವಾಟ್. ಪಕ್ಕದಲ್ಲಿ 5ಎಫ್1 ಎಂಬ ಸರ್ಕ್ಯೂಟ್ ಹೆಸರು: 5 ಎಂದರೆ ಐವತ್ತರ ದಶಕ, ಎಫ್ ಪರಿಷ್ಕರಣೆಯ ಅಕ್ಷರ, 1 ಚಾಂಪ್ ಮಾದರಿ. ಅಜ್ಜನ 53 ಅಲ್ಲಿಗೆ ಬಿದ್ದುಹೋಯಿತು.

ಅದೇ ಕಾಗದದ ಮೇಲೆ ರಬ್ಬರ್ ಮೊಹರಿನ ಎರಡು ಅಕ್ಷರ. ಫೆಂಡರ್‌ನವರಿಗೆ ಮೊದಲನೆಯದು ವರ್ಷ (ಎ ಅಂದರೆ 1951), ಎರಡನೆಯದು ತಿಂಗಳು. ಮೊದಲನೆಯದು ಎಚ್, ಬೆರಳೆಣಿಸಿದರೆ 1958. ಎರಡನೆಯದರ ಕಾಲು ಅಳಿಸಿತ್ತು. ‘ಇ’ಯೋ ‘ಎಫ್’ ಓ? ಮೇ ತಿಂಗಳೋ, ಜೂನೋ? ಟಾರ್ಚ್ ಹಿಡಿದು, ಓರೆ ಬೆಳಕಲ್ಲಿ ನೋಡಿ, ಫೋಟೋ ಹಿಗ್ಗಿಸಿದರೂ ತೀರ್ಮಾನವಾಗಲಿಲ್ಲ.

“ಒಂದು ತಿಂಗಳಿಗೆ ಇಷ್ಟೊಂದಾ, ಭಾವ?” ಅವನ ಪ್ರಶ್ನೆ ನ್ಯಾಯವೇ. ಆದರೆ ನನ್ನಂಥವನಿಗೆ ಅದೇ ಹುಚ್ಚು.

ಬಿಡಿಭಾಗಗಳ ಸಂಕೇತ ಹುಡುಕಿದೆ. ಟ್ರಾನ್ಸ್‌ಫಾರ್ಮರ್ ಮೇಲೆ 606818. 606 ಶುಮಾಕರ್ ಕಂಪನಿಯ ಗುರುತು, 8 ವರ್ಷದ ಕೊನೆಯ ಅಂಕಿ, 18 ವಾರ. ಏಪ್ರಿಲ್ ಮುಗಿದು ಮೇ ಹುಟ್ಟುವ ಹೊತ್ತು. ಎರಡು ತಿಂಗಳಿಗೂ ಹೊಂದುತ್ತದೆ. ವಾಲ್ಯೂಮ್ ಕಂಟ್ರೋಲಿನ ಬೆನ್ನು ಒರೆಸಿದಾಗ ಕಂಡದ್ದು 304822. ಸ್ಟ್ಯಾಕ್‌ಪೋಲ್ ತಯಾರಿಕೆ, 22ನೇ ವಾರ, ಅಂದರೆ ಮೇ ಕೊನೆ. ಪೆನ್ಸಿಲ್ವೇನಿಯಾದ ಕಂಪನಿಯ ಸರಕು ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಲ್ಲಿದ್ದ ಫೆಂಡರ್ ಕಾರ್ಖಾನೆ ತಲುಪಿ ಮೇ ಒಳಗೇ ಬೆಸುಗೆಯಾಯಿತೆಂದರೆ ನಂಬುವುದು ಕಷ್ಟ. ಬೆಸುಗೆಯೂ ಮಂಕಾದ ಹಳೆಯದೇ, ತಂತಿಗೆ ಬಟ್ಟೆಯ ಹೊದಿಕೆ, ಯಾರೂ ಕೈಯಾಡಿಸಿದ ಗುರುತಿಲ್ಲ. ಹಾಗಾದರೆ ಅಕ್ಷರ ‘ಎಫ್’. ಜೂನ್.

ಸ್ಪೀಕರ್ ಮಾತ್ರ ಬೇರೆ ಕಥೆ ಹೇಳಿತು. 465630: ಆಕ್ಸ್‌ಫರ್ಡ್ ಕಂಪನಿ, ವರ್ಷದ ಕೊನೆಯ ಅಂಕಿ 6. 1956 ಇರಬಹುದು, 66 ಕೂಡ. ಅದಕ್ಕೆ ಹೋಗುವ ತಂತಿಗಳು ಪ್ಲಾಸ್ಟಿಕ್ಕಿನವು, ಬೆಸುಗೆ ಫಳಫಳ. ಹಳೆಯದು ಸುಟ್ಟ ಮೇಲೆ ಯಾರೋ ಬದಲಿಸಿದ್ದಾರೆಂದೇ ನನ್ನ ಎಣಿಕೆ.

ಚೀಟಿಯಲ್ಲಿ ಬರೆದು ಒಳಗಿಟ್ಟೆ: “ಜೂನ್ 1958. ಸ್ಪೀಕರ್ ಬದಲಿ.” ಭಾವಮೈದ ಓದಿ, “ಸ್ಪೀಕರ್ ವಿಷಯ ಅಜ್ಜನಿಗೆ ಫೋನ್ ಮಾಡಿ ಕೇಳಲಾ?” ಎಂದ.

“ಕೇಳು. 53ರ ವಿಷಯ ಮಾತ್ರ ಎತ್ತಬೇಡ.”