ಬಾಡಿಗೆ ಮನೆ ಕೊಳ್ಳುವವರಿಗೆ ಕಲ್ಯಾಣದ ಹಳೆಯ ಪಾಠ

ನೌಕರಿಯಿಂದ ನಿವೃತ್ತರಾದವರ ಕೈಗೆ ಒಮ್ಮೆಲೇ ಬರುವ ಹಣವನ್ನು ಏನು ಮಾಡಬೇಕು ಎಂಬ ಚರ್ಚೆ ಬಹಳಷ್ಟು ಮನೆಗಳಲ್ಲಿ ಒಂದೇ ಕಡೆ ಬಂದು ನಿಲ್ಲುತ್ತದೆ. ಒಂದು ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ತಿಂಗಳು ತಿಂಗಳು ಕೈಗೆ ಹಣ ಬರುತ್ತದೆ, ಮನೆಯೂ ಉಳಿಯುತ್ತದೆ ಎಂಬುದು ಲೆಕ್ಕಾಚಾರ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿರುವ ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಂತಹ ಊರುಗಳಲ್ಲಿ ಈ ಮಾತಿಗೆ ಹೆಚ್ಚಿನ ಬಲವಿದೆ. ವರ್ಗವಾಗಿ ಬರುವ ಶಿಕ್ಷಕರು, ಬ್ಯಾಂಕ್ ನೌಕರರು, ಹೆದ್ದಾರಿಯನ್ನು ನಂಬಿದ ಸಣ್ಣ ವ್ಯಾಪಾರಿಗಳು ಇಂತಹ ಊರುಗಳಲ್ಲಿ ಬಾಡಿಗೆ ಮನೆ ಹುಡುಕುವುದು ಸಹಜ.

ಮನೆ ನೋಡಲು ಹೋದವರು ನೀರು, ರಸ್ತೆ, ಗೋಡೆಯ ಬಿರುಕು ಎಲ್ಲವನ್ನೂ ನೋಡುತ್ತಾರೆ. ಆದರೆ ಈ ಮನೆಯನ್ನು ಮಾರುವ ಹಕ್ಕು ನಿಜವಾಗಿ ಯಾರಿಗಿದೆ ಎಂಬ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ, ಇಲ್ಲವೇ ಕೇಳುವುದೇ ಇಲ್ಲ. ಕುತೂಹಲದ ಸಂಗತಿಯೆಂದರೆ, ಇಡೀ ಭಾರತ ಆ ಪ್ರಶ್ನೆಗೆ ಉತ್ತರ ಹುಡುಕಿದ ಗ್ರಂಥ ಹುಟ್ಟಿದ್ದು ಇದೇ ಸೀಮೆಯಲ್ಲಿ. ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿದರೆ ಸಿಗುವ ಬಸವಕಲ್ಯಾಣವೇ ಆ ಗ್ರಂಥದ ನೆಲೆ.

ಕಲ್ಯಾಣದಲ್ಲಿ ಹುಟ್ಟಿದ ಕಾನೂನು

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರ ಎಂಬ ವಿದ್ವಾಂಸ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದ. ಅದೇ ‘ಮಿತಾಕ್ಷರಾ’. ಇದರ ದಾಯಭಾಗ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳು ಅದನ್ನೇ ಆಧಾರವಾಗಿಟ್ಟುಕೊಂಡವು. ಬಂಗಾಳದ ಕಡೆ ಜೀಮೂತವಾಹನನ ಮತ ನಡೆದರೆ, ದೇಶದ ಉಳಿದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಗೆ ಮಿತಾಕ್ಷರಾ ಪದ್ಧತಿಯೇ ಅನ್ವಯವಾಯಿತು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬುದು ವಿಜ್ಞಾನೇಶ್ವರನ ಮುಖ್ಯ ನಿಲುವು. ಹೀಗಾಗಿ ತಂದೆ ತನ್ನೊಬ್ಬನ ಇಚ್ಛೆಯಂತೆ ಹಿರಿಯರ ಮನೆಯನ್ನು ಮಾರುವಂತಿಲ್ಲ. ಆಪತ್ತು ಬಂದಾಗ, ಕುಟುಂಬದ ಪೋಷಣೆಗಾಗಿ, ಧರ್ಮಕಾರ್ಯಕ್ಕಾಗಿ ಮಾತ್ರ ಒಬ್ಬನೇ ಮಾರಬಹುದು. ಇದರ ಬೆಳವಣಿಗೆಯೇ ಇಂದಿನ ನ್ಯಾಯಾಲಯಗಳು ಹೇಳುವ ‘ಕುಟುಂಬದ ಕಾನೂನುಬದ್ಧ ಅವಶ್ಯಕತೆ’. ಆ ಅವಶ್ಯಕತೆ ನಿಜವೇ ಎಂದು ವಿಚಾರಿಸುವ ಹೊಣೆ ಹಣ ಕೊಡುವವನ ಮೇಲೂ ಇದೆ ಎಂದು ಲಂಡನ್ನಿನ ಪ್ರೀವಿ ಕೌನ್ಸಿಲ್ 1856ರಲ್ಲೇ ತೀರ್ಪು ನೀಡಿತ್ತು.

ಆರು ಹೆಜ್ಜೆಗಳು

ಭೂಮಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಆರು ಸಂಗತಿಗಳು ನಡೆಯಬೇಕು ಎಂಬ ಹಳೆಯ ವಚನವನ್ನು ವಿಜ್ಞಾನೇಶ್ವರ ಚರ್ಚಿಸುತ್ತಾನೆ. ಊರವರು, ಜ್ಞಾತಿಗಳು, ನೆರೆಹೊರೆಯವರು, ದಾಯಾದಿಗಳು ಈ ನಾಲ್ವರ ಒಪ್ಪಿಗೆ, ಜೊತೆಗೆ ಚಿನ್ನ ಮತ್ತು ನೀರು. ಊರವರ ಒಪ್ಪಿಗೆ ವ್ಯವಹಾರ ಬಹಿರಂಗವಾಗಲಿ ಎಂಬುದಕ್ಕಾಗಿ. ಅದಿಲ್ಲದಿದ್ದರೆ ವ್ಯವಹಾರವೇ ಅಸಿಂಧುವಾಗುವುದಿಲ್ಲ ಎನ್ನುತ್ತಾನೆ. ನೆರೆಯವರ ಒಪ್ಪಿಗೆ ಗಡಿ ತಂಟೆ ತಪ್ಪಿಸಲು. ಜ್ಞಾತಿಗಳು ಮತ್ತು ದಾಯಾದಿಗಳ ಒಪ್ಪಿಗೆ ಇದ್ದರೆ ಪಾಲು ಆಗಿದೆಯೋ ಇಲ್ಲವೋ ಎಂಬ ಸಂಶಯ ಮುಂದೆ ಏಳುವುದಿಲ್ಲ. ಸ್ಥಿರಾಸ್ತಿಯ ಮಾರಾಟ ನಿಂದ್ಯ, ದಾನ ಶ್ರೇಷ್ಠ ಎಂಬ ಭಾವನೆ ಅಂದು ಇದ್ದುದರಿಂದ ಚಿನ್ನ, ನೀರು ಕೊಟ್ಟು ಮಾರಾಟಕ್ಕೂ ದಾನದ ರೂಪ ಕೊಡುತ್ತಿದ್ದರು.

ಇಂದು ಊರವರ ಜಾಗದಲ್ಲಿ ಉಪನೋಂದಣಾಧಿಕಾರಿ ಕಚೇರಿ ಇದೆ. ಋಣಭಾರ ಪ್ರಮಾಣಪತ್ರ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುತ್ತದೆ. ಪಂಚಾಯಿತಿ ವ್ಯಾಪ್ತಿಯ ಮನೆಗೆ ‘ಇ–ಸ್ವತ್ತು’ ವ್ಯವಸ್ಥೆಯ ನಮೂನೆ 9 ಮತ್ತು 11, ಹೊಲವಾಗಿದ್ದ ಜಾಗಕ್ಕೆ ಎನ್.ಎ. ಆದೇಶ ಬೇಕು. ಚೆಕ್ಕುಬಂದಿಯನ್ನು ಪತ್ರದಲ್ಲಿ ಓದಿದರೆ ಸಾಲದು, ಪಕ್ಕದ ಮನೆಯವರನ್ನೂ ಕೇಳಬೇಕು. ಆದರೆ ದಾಯಾದಿಗಳು ಯಾರು ಯಾರು ಎಂಬುದನ್ನು ಈ ಯಾವ ಕಾಗದವೂ ಪೂರ್ಣವಾಗಿ ಹೇಳುವುದಿಲ್ಲ. ಅದಕ್ಕೆ ವಂಶವೃಕ್ಷ ಬೇಕು.

ಹೆಣ್ಣುಮಕ್ಕಳ ಸಹಿ

ವಿಜ್ಞಾನೇಶ್ವರನ ಹುಟ್ಟಿನ ಹಕ್ಕಿನಲ್ಲಿ ಮಗಳಿಗೆ ಸ್ಥಾನವಿರಲಿಲ್ಲ. ಕರ್ನಾಟಕ 1994ರ ತಿದ್ದುಪಡಿಯ ಮೂಲಕ ಅವಳನ್ನೂ ಸಹದಾಯಾದಿ ಮಾಡಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಕೈಬಿಟ್ಟಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನಡೆದ ಮಾರಾಟ, ಪಾಲುಗಳಿಗೆ ಮಾತ್ರ ರಕ್ಷಣೆ ಉಳಿದಿದೆ. ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟಿನಿಂದ ಬರುವ ಹಕ್ಕಿಲ್ಲ; ಆದರೆ ಯಜಮಾನ ತೀರಿಕೊಂಡ ಮೇಲೆ ಪತ್ನಿಗೂ ಹೆಣ್ಣುಮಕ್ಕಳಿಗೂ ಪಾಲಿದೆ.

ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ ಹಿರಿಯರ ಮನೆ ಅಪಾಯದ್ದಾಗುವುದು ಈ ಕಾರಣಕ್ಕೆ. ಕೊಟ್ಟ ಊರಿನಲ್ಲಿರುವ ಅಕ್ಕ ತನ್ನ ಪಾಲು ಕೇಳಿ ದಾವೆ ಹೂಡಿದರೆ ಅದು ಅವಳ ನ್ಯಾಯವಾದ ಹಕ್ಕು. ಕಷ್ಟಕ್ಕೆ ಸಿಲುಕುವುದು ಜೀವಮಾನದ ಉಳಿತಾಯವನ್ನು ಹಾಕಿದ ಕೊಳ್ಳುಗ. ದಾವೆ ನಡೆಯುತ್ತಿರುವಾಗ ಕೊಂಡವನಂತೂ ತೀರ್ಪಿಗೆ ಬದ್ಧನಾಗಲೇಬೇಕು.

ಬಾಡಿಗೆದಾರನೂ ಒಬ್ಬ ಹಕ್ಕುದಾರ

ಮನೆಯಲ್ಲಿ ಈಗಾಗಲೇ ಬಾಡಿಗೆದಾರನಿದ್ದರೆ ಅವನ ಕರಾರು, ಮುಂಗಡ ಹಣ ಎರಡನ್ನೂ ಅವನಿಂದಲೇ ತಿಳಿಯಬೇಕು. ಮೈಸೂರಿನ ಆರ್. ಶಾಮಶಾಸ್ತ್ರಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಈ ವಿಷಯ ಬರುತ್ತದೆ. ಬಿಡು ಎಂದರೂ ಬಿಡದ ಬಾಡಿಗೆದಾರನಿಗೆ 12 ಪಣ ದಂಡ. ಬಾಡಿಗೆ ಕೊಟ್ಟವನನ್ನು ಸಕಾರಣವಿಲ್ಲದೆ ಹೊರಹಾಕುವ ಮಾಲೀಕನಿಗೂ ಅಷ್ಟೇ ದಂಡ. ನಿಜಾಮರ ಸೀಮೆಯಾಗಿದ್ದ ಈ ಭಾಗ ಹೈದರಾಬಾದ್ ರಾಜ್ಯದ 1954ರ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ಕಂಡಿತು. ಏಕೀಕರಣದ ನಂತರ 1961ರ ಕಾಯ್ದೆ, ಆಮೇಲೆ 1999ರ ಕಾಯ್ದೆ ಬಂದವು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯವಾದ್ದರಿಂದ 11 ತಿಂಗಳ ಕರಾರು ರೂಢಿಗೆ ಬಂತು.

ಕೊನೆಗೆ ಹಣದ ಲೆಕ್ಕ. ಉದಾಹರಣೆಗೆ, 20 ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ 6,000 ಬಾಡಿಗೆ ಬಂದರೆ ವರ್ಷಕ್ಕೆ 72,000, ಅಂದರೆ ಶೇ 3.6. ಎರಡು ತಿಂಗಳು ಮನೆ ಖಾಲಿ ಬಿದ್ದು, ತೆರಿಗೆ, ಸುಣ್ಣಬಣ್ಣ, ದುರಸ್ತಿಗೆ 12,000 ಹೋದರೆ ಉಳಿಯುವುದು 48,000, ಶೇ 2.4. ಇಷ್ಟು ಸಣ್ಣ ಆದಾಯದಲ್ಲಿ ವರ್ಷಗಟ್ಟಲೆ ನಡೆಯುವ ದಾವೆಯ ಖರ್ಚನ್ನು ಹೊರಲಾಗದು. ಮುಂಗಡ ಕೊಡುವ ಮೊದಲು ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿನ ಎದುರು ಒಂದು ಸಹಿ ಇದೆಯೇ ಎಂದು ವಕೀಲರೊಡನೆ ಕುಳಿತು ನೋಡುವುದು ಒಂದು ದಿನದ ಕೆಲಸ.