ದಂಡಿತರ ಮತಾಧಿಕಾರ

ಮೈಸೂರು ಸಂಸ್ಥಾನದಲ್ಲಿ 1881ನೆಯ ಇಸವಿಯಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅದರಲ್ಲಿ ಸ್ಥಾನ ದೊರೆತದ್ದು ಮುಖ್ಯವಾಗಿ ಜಮೀನುದಾರರಿಗೂ ವರ್ತಕರಿಗೂ. ಮುಂದೆ ಚುನಾವಣೆಯ ಪದ್ಧತಿ ಬಂದಮೇಲೂ ಮತವು ಆಸ್ತಿ, ಕಂದಾಯ, ವಿದ್ಯೆಗಳನ್ನೇ ಅನುಸರಿಸಿತು. ತುಮಕೂರು, ಗುಬ್ಬಿ, ಕುಣಿಗಲುಗಳ ಬಹುಜನರನ್ನು ಮತದಿಂದ ದೂರವಿಟ್ಟದ್ದು ಅಪರಾಧವಲ್ಲ, ಬಡತನ. 1950ರ ಸಂವಿಧಾನವು ತನ್ನ 326ನೆಯ ಅನುಚ್ಛೇದದಿಂದ ಈ ತಡೆಯನ್ನು ನಿವಾರಿಸಿತು; ಆದರೆ ಅಪರಾಧದ ಕಾರಣದಿಂದ ಮತವನ್ನು ನಿರಾಕರಿಸುವ ಅಧಿಕಾರವನ್ನು ಶಾಸನಸಭೆಗೆ ಉಳಿಸಿತು.

ಆ ಅಧಿಕಾರವು ಬಳಕೆಗೆ ಬಂದ ಬಗೆ ವಿಚಾರಾರ್ಹವಾಗಿದೆ. ಅಮೆರಿಕದ ಫ್ಲಾರಿಡಾದಲ್ಲಿ ಘೋರಾಪರಾಧಿಗಳು ಶಿಕ್ಷೆ ಮುಗಿದ ಬಳಿಕವೂ ಮತಹೀನರಾಗಿರುತ್ತಿದ್ದರು. 2018ರಲ್ಲಿ ಅಲ್ಲಿನ ಪ್ರಜೆಗಳು ಆ ನಿರ್ಬಂಧವನ್ನು ಬಹುಮಟ್ಟಿಗೆ ಸಡಿಲಿಸಿದರು. ಭಾರತದಲ್ಲಿ ಅಂತಹ ಕಳಂಕವು ಶಾಶ್ವತವಲ್ಲ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆವಾಸ ಕಂಡ ಕೆ. ಸಿ. ರೆಡ್ಡಿಯವರು 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದುದು ಆ ಕಾಲದವರ ನೆನಪಿನಲ್ಲಿ ಹೊಸದಾಗಿಯೇ ಇದ್ದಿತು. ಶಿಕ್ಷೆಯನ್ನು ತೀರಿಸಿ ಹೊರಬಂದವನು ಮತ ಕೊಡಬಹುದು. ಚುನಾವಣೆಯ ಲಂಚವೇ ಮೊದಲಾದ ಅಪರಾಧಗಳಿಗೆ ಮಾತ್ರ ಆರು ವರ್ಷಗಳ ನಿಷೇಧವುಂಟು.

ತೊಡಕು ಇರುವುದು ಬೇರೆಡೆ. 1935ರ ಭಾರತ ಸರ್ಕಾರದ ಕಾಯಿದೆಯು ಬ್ರಿಟಿಷ್ ಪ್ರಾಂತ್ಯಗಳಲ್ಲಿ ಶಿಕ್ಷೆಯನ್ನು ಅನುಭವಿಸುತ್ತಿರುವವರಿಗೆ ಮಾತ್ರ ಮತವನ್ನು ನಿರಾಕರಿಸಿತ್ತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62(5)ನೆಯ ಪ್ರಕರಣವಾದರೋ ಸೆರೆಮನೆಯಲ್ಲಿಯೂ ಪೋಲೀಸರ ವಶದಲ್ಲಿಯೂ ಇರುವ ಎಲ್ಲರಿಗೂ ಅದನ್ನು ವಿಸ್ತರಿಸಿತು. ಮುನ್ನೆಚ್ಚರಿಕೆಯ ಬಂಧನದಲ್ಲಿರುವವರನ್ನಷ್ಟೇ ಬಿಟ್ಟಿತು. ಪೋಲೀಸರ ಮೇಲೆ ಬೀಳುವ ಹೊರೆಯನ್ನೂ ಚುನಾವಣೆಯ ಶುದ್ಧಿಯನ್ನೂ ಮುಂದುಮಾಡಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ, ಅನುಕೂಲ ಚಂದ್ರ ಪ್ರಧಾನ್ ಮೊಕದ್ದಮೆಯಲ್ಲಿ, ಇದನ್ನು ಎತ್ತಿಹಿಡಿಯಿತು. 2013ರ ತಿದ್ದುಪಡಿಯ ಮೇಲಂತೂ ವಿಚಾರಣಾಧೀನ ಬಂದಿಯು ಅಭ್ಯರ್ಥಿಯಾಗಿ ನಿಲ್ಲಬಲ್ಲನು, ಮತವನ್ನು ಮಾತ್ರ ಕೊಡಲಾರನು.

2024ರ ಏಪ್ರಿಲ್ 26ರಂದು ಗುಬ್ಬಿಯವರು ತುಮಕೂರು ಲೋಕಸಭಾ ಕ್ಷೇತ್ರಕ್ಕೂ ಕುಣಿಗಲಿನವರು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೂ ಮತ ಕೊಟ್ಟರು. ಕ್ಷೇತ್ರಗಳು ಬೇರೆಯಾದರೂ ನಿಯಮವು ಒಂದೇ: ಶಿಕ್ಷೆಯಾಗಿಯೂ ಜಾಮೀನು ಪಡೆದು ಹೊರಗಿರುವವನಿಗೆ ಮತವುಂಟು, ಅಪರಾಧವು ಇನ್ನೂ ಸಿದ್ಧವಾಗದೆ, ಜಾಮೀನಿಗೆ ಹಣವಿಲ್ಲದೆ ಒಳಗೇ ಉಳಿದವನಿಗೆ ಇಲ್ಲ. ಸಂವಿಧಾನವು ಹೊರಗಟ್ಟಿದ ಆಸ್ತಿಯ ಅರ್ಹತೆಯು ಸೆರೆಮನೆಯ ಬಾಗಿಲಿನಿಂದ ಮರಳಿ ಒಳಹೊಕ್ಕಿದೆ ಎಂಬುದು ಇದರಿಂದ ವಿದಿತವಾಗುತ್ತದೆ.